ಮೂರು ಕವರಿನ ಚಟ್ಲಿ

ಒಣ ಚಟ್ಲಿಗೂ, ಅಂದರೆ ಒಣ ಸಿಗಡಿಗೂ, ಜಾತಕ ಬರೆಯುತ್ತಾರೆಂದು ಗೊತ್ತಾದದ್ದು ಮೊನ್ನೆ, ಬೆಂಗಳೂರಿನ ಅಂಗಡಿಯೊಂದರಲ್ಲಿ. ಥಳಥಳಿಸುವ ಪೊಟ್ಟಣದ ಬೆನ್ನಿಗೆ ಪಟ್ಟಿ: ನೂರು ಗ್ರಾಮಿಗೆ ಪ್ರೋಟೀನ್ ಸುಮಾರು 60 ಗ್ರಾಂ. ಹಸಿ ಸಿಗಡಿಯಲ್ಲಿ ಇಪ್ಪತ್ತರ ಆಸುಪಾಸು ಅಷ್ಟೆ, ಮುಕ್ಕಾಲು ಪಾಲು ನೀರೇ. ಆ ನೀರನ್ನು ಬಿಸಿಲು ಕುಡಿದು ಸತ್ವವನ್ನು ನಮಗೆ ಬಿಡುತ್ತದೆ. ಸಿಪ್ಪೆ ಸಮೇತ ಅಗಿಯುವುದರಿಂದ ಕ್ಯಾಲ್ಸಿಯಂ ಕೂಡ ಧಾರಾಳ.

ಕುಂದಾಪುರದ ನಮ್ಮಜ್ಜಿಗೆ ಇದೊಂದೂ ಗೊತ್ತಿರಲಿಲ್ಲ. ಈಗ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಂತ್ರದ ಬೋಟು ಇಳಿಸಬಾರದೆಂದು ಸರಕಾರ ಹೇಳುತ್ತದೆ. ಆಗ ಕಡಲೇ ಬಾಗಿಲು ಹಾಕಿಕೊಳ್ಳುತ್ತಿತ್ತು. ಹಪ್ಪಳ, ಸಂಡಿಗೆ, ಉಪ್ಪಿನಕಾಯಿಯ ಜೊತೆ ಚಟ್ಲಿಯೂ ಅಟ್ಟ ಸೇರುತ್ತಿತ್ತು. ಹೊರಗೆ ಧೋ ಎಂದು ಮಳೆ, ಒಳಗೆ ಕಾವಲಿಯ ಮೇಲೆ ಚಟಚಟ. ಅಜ್ಜಿ ಹುರಿದದ್ದನ್ನು ಮೊರಕ್ಕೆ ಸುರಿದು, ತಲೆ ಬಾಲ ಚಿವುಟಿ, ತೆಂಗಿನಕಾಯಿ, ಒಣಮೆಣಸು, ಹುಳಿಯ ಜೊತೆ ಅರೆಯಲು ಕೂರುವಳು. ಬೆಕ್ಕು ಕಾಯುವುದು ನನ್ನ ಕೆಲಸ. ಮೊರದಲ್ಲಿ ಗುಡ್ಡೆ ಕರಗಿದ್ದು ಕಂಡು ಕೇಳುವಳು: "ಬೆಕ್ಕ್ ತಿಂದದ್ದೆಷ್ಟ್, ನೀ ತಿಂದದ್ದೆಷ್ಟ್?" ಬೆಕ್ಕಿನ ಬಾಯಿ ಒಣಗಿರುತ್ತಿತ್ತು.

ಈಗ ನನಗೂ ಬಿ.ಪಿ. ಇದೆ. ದಿನಕ್ಕೆ ಐದು ಗ್ರಾಂ ಉಪ್ಪು ದಾಟಬೇಡಿ ಎಂದ ಡಾಕ್ಟರಿಗೆ ಚಟ್ಲಿಯ ವಿಷಯ ನಾನು ಹೇಳಿಲ್ಲ, ಅವರೂ ಕೇಳಿಲ್ಲ. ಲೆಕ್ಕ ಹಾಕಿದರೆ ಒಂದು ಊಟದ ಚಟ್ನಿಗೆ ಹೋಗುವುದು ಹತ್ತು ಗ್ರಾಂ ಚಟ್ಲಿ. ಪ್ರೋಟೀನು ಆರು ಗ್ರಾಂ, ಅಂದರೆ ಒಂದು ಕೋಳಿಮೊಟ್ಟೆ. ಒಂದು ಮೊಟ್ಟೆಯಷ್ಟು ಲಾಭಕ್ಕೆ ಹಿಂದೊಮ್ಮೆ ಊರಿನಿಂದ ತಂದದ್ದನ್ನು ಹುರಿದಾಗ ನಾಲ್ಕು ಮಹಡಿಯ ಕಿಟಕಿಗಳು ಮುಚ್ಚಿದ್ದವು. ಲಿಫ್ಟಿನಲ್ಲಿ ಇಲಿ ಸತ್ತಿದೆಯೇ ಎಂದು ವಾಚ್‌ಮನ್ ಟಾರ್ಚು ಹಿಡಿದು ಬಂದಿದ್ದ.

ಮೊನ್ನೆಯ ಪೊಟ್ಟಣವನ್ನೂ ಹುರಿದೆ. ತಲೆಯಿಲ್ಲ, ಬಾಲವಿಲ್ಲ, ತೊಳೆದು ಮಡಿ ಮಾಡಿದ ಚಟ್ಲಿ. ಕಿಟಕಿ ಯಾವುದೂ ಮುಚ್ಚಲಿಲ್ಲ, ವಾಚ್‌ಮನ್ ಬರಲಿಲ್ಲ, ಕೆಳಗಿನ ಬೆಕ್ಕು ಕೂಡ ತಲೆ ಎತ್ತಲಿಲ್ಲ. ಪ್ರೋಟೀನು ಪಟ್ಟಿಯಲ್ಲಿದ್ದಷ್ಟೂ ಇದ್ದಿರಬೇಕು.

ಮೇ ತಿಂಗಳಲ್ಲಿ ಕುಂದಾಪುರದ ಕಡೆ ಹೋಗುವವರಿದ್ದರೆ ಸಂತೆಯಿಂದ ಅರ್ಧ ಕಿಲೋ ತನ್ನಿ. ತಲೆ ಬಾಲ ಇರಲಿ. ಮೂರು ಕವರ್ ಹಾಕಿಸಿ ಗಟ್ಟಿಯಾಗಿ ಕಟ್ಟಿಸಿ, ಇಲ್ಲದಿದ್ದರೆ ಘಾಟಿ ಹತ್ತುವ ಮೊದಲೇ ಬಸ್ಸಿನವರು ನಿಮ್ಮನ್ನು ಇಳಿಸಿಯಾರು.