ಪಿಸ್ಟನ್ ನೆತ್ತಿಯ ಮಸಿ

ಪೆಟ್ರೋಲ್ ಎಂಜಿನ್ನಿನ ಸಿಲಿಂಡರ್ ಹೆಡ್ಡನ್ನು, ಅಂದರೆ ದಹನಕೋಶದ ಮೇಲ್ಛಾವಣಿಯಾಗಿರುವ ಲೋಹದ ಭಾಗವನ್ನು, ಬಿಚ್ಚಿ ಮಗುಚಿಟ್ಟಾಗ ಕಾಣುವ ಕಪ್ಪು ಲೇಪಕ್ಕೆ ವಾಡಿಕೆಯಲ್ಲಿ ಇಂಗಾಲವೆಂದು ಹೆಸರಿದ್ದರೂ ಅದು ಶುದ್ಧ ಇಂಗಾಲವಲ್ಲ. ಒಂದು ಕಿಲೋ ಪೆಟ್ರೋಲ್ ಪೂರ್ತಿಯಾಗಿ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು. ಎಂಜಿನ್ ಇನ್ನೂ ತಣ್ಣಗಿರುವಾಗ ಇಂಧನವನ್ನು ಹೆಚ್ಚಿಗೆ ಕೊಡಬೇಕಾಗುವುದರಿಂದ ಈ ಪ್ರಮಾಣ ತಪ್ಪುತ್ತದೆ, ಅರೆಬೆಂದ ಇಂಧನವೂ ಪಿಸ್ಟನ್ನಿನ ರಿಂಗುಗಳನ್ನು ದಾಟಿ ಮೇಲೇರಿದ ಎಣ್ಣೆಯೂ ಬಿಸಿಲೋಹಕ್ಕೆ ಹತ್ತಿಕೊಂಡು ಮೊದಲು ಅಂಟುಪೊರೆಯಾಗಿ, ಆಮೇಲೆ ಸುಟ್ಟು ಗಟ್ಟಿಯಾದ ಮಸಿಯಾಗಿ ಕೂರುತ್ತವೆ. 2000ದ ಫೆಬ್ರವರಿಯಲ್ಲಿ ದೇಶದಾದ್ಯಂತ ಸೀಸರಹಿತ ಪೆಟ್ರೋಲ್ ಕಡ್ಡಾಯವಾಗುವವರೆಗೆ ಈ ಕಪ್ಪಿನೊಂದಿಗೆ ಸೀಸದ ಲವಣಗಳ ಬೂದುಬಣ್ಣವೂ ಬೆರೆತಿರುತ್ತಿತ್ತು. ಈ ಮಸಿಯನ್ನು ಕೆರೆದು ತೆಗೆಯುವ ಕೆಲಸಕ್ಕೆ ಗ್ಯಾರೇಜಿನ ಮಾತಿನಲ್ಲಿ ಡಿಕಾರ್ಬ್ ಎಂದು ಹೆಸರು. ಅದನ್ನು ದುರಸ್ತಿಯೆಂದು ಮಾಡುವವರೇ ಹೆಚ್ಚಾದರೂ, ರಜೆಯ ದಿನ ಮನೆಯಂಗಳದಲ್ಲಿ ಕೂತು ಸುಖಕ್ಕಾಗಿ ಮಾಡುವವರ ಒಂದು ಸಣ್ಣ ಕುಲವೂ ಉಂಟು.

ಆ ಕುಲ ಬೆಳೆಯಲು ಪುಣೆಗಿಂತ ಹದವಾದ ನೆಲ ಭಾರತದಲ್ಲಿ ಬೇರೆಲ್ಲೂ ಇರಲಿಲ್ಲವೆನ್ನಬಹುದು. ವೆಸ್ಪಾ ಸ್ಕೂಟರನ್ನು ತಯಾರಿಸಲು ಇಟಲಿಯ ಪಿಯಾಜಿಯೊ ಕಂಪನಿಯಿಂದ ಪಡೆದಿದ್ದ ಪರವಾನಗಿ ಮುಗಿದ ಮೇಲೆ ಆಕುರ್ಡಿಯ ಬಜಾಜ್ ಕಾರ್ಖಾನೆ 1972ರಲ್ಲಿ ಚೇತಕ್ ಎಂಬ ಸ್ವಂತ ಹೆಸರಿನ ಸ್ಕೂಟರನ್ನು ಹೊರತಂದಿತು. ಪುಣೆ ದ್ವಿಚಕ್ರ ವಾಹನಗಳ ಊರೆನಿಸಿಕೊಂಡಿತು. 57 ಮಿಲಿಮೀಟರ್ ವ್ಯಾಸದ ಸಿಲಿಂಡರಿನಲ್ಲಿ 57 ಮಿಲಿಮೀಟರ್ ಏರಿಳಿಯುವ ಪಿಸ್ಟನ್ ಇದ್ದ ಚೇತಕ್ ಎಂಜಿನ್ ಟೂ-ಸ್ಟ್ರೋಕ್ ಜಾತಿಯದು: ಅದಕ್ಕೆ ಎಣ್ಣೆಯ ಬೇರೆ ತೊಟ್ಟಿಯಿಲ್ಲ, ಪೆಟ್ರೋಲಿನಲ್ಲೇ ಲೀಟರಿಗೆ 20 ಮಿಲಿಲೀಟರ್‌ನಂತೆ ಎಣ್ಣೆ ಬೆರೆಸಿ ಸುಡಬೇಕು, ಹೀಗಾಗಿ ಮಸಿ ಅದರ ರೋಗವಲ್ಲ, ಹುಟ್ಟುಗುಣ. ಹೊಗೆ ಹೊರಹೋಗುವ ಕಿಂಡಿಯ, ಅಂದರೆ ಎಕ್ಸಾಸ್ಟ್ ಪೋರ್ಟಿನ, ಅಂಚಿನಲ್ಲಿ ಮಸಿ ಬೆಳೆದು ದಾರಿ ಕಿರಿದಾದಂತೆ ಗಾಡಿ ಪಿಕಪ್ ಕಳೆದುಕೊಳ್ಳುತ್ತಿತ್ತು. ಬಲಬದಿಯ ಉಬ್ಬುಮುಚ್ಚಳವನ್ನೂ ಗಾಳಿಯ ತಗಡನ್ನೂ ಕಳಚಿ ನಾಲ್ಕು ನಟ್ಟುಗಳನ್ನು ಸಡಿಲಿಸಿದರೆ ಹೆಡ್ ಕೈಗೆ ಬರುವಷ್ಟು ಸರಳವಾದ ಆ ರಚನೆಯ ಮೇಲೆ ಕೈಪಳಗಿಸಿಕೊಂಡವರೇ ಮುಂದೆ ಧೈರ್ಯದಿಂದ ಕಾರಿನ ಬಾನೆಟ್ ಎತ್ತಿದರು. ಬಿಡಿಭಾಗಗಳಿಗೆ ನಾನಾ ಪೇಠೆ, ಹಳೆಯ ಪಾನಾಗಳಿಗೆ ಬುಧವಾರ ಮತ್ತು ಭಾನುವಾರ ಸೇರುವ ಜುನಾ ಬಜಾರ್ ಇರುವ ಊರಿನಲ್ಲಿ ಸಲಕರಣೆಯ ಕೊರತೆ ಯಾರಿಗೂ ನೆಪವಾಗಲಾರದು.

ಕಾರಿನಲ್ಲಿ ಮಸಿ ಮಾಡುವ ಕೇಡು ಸ್ವಲ್ಪ ಬೇರೆ ಬಗೆಯದು. ಪಿಸ್ಟನ್ ಮೇಲೇರಿದಾಗ ಅನಿಲವನ್ನು ಎಷ್ಟು ಪಟ್ಟು ಒತ್ತುತ್ತದೆಂಬ ಲೆಕ್ಕಕ್ಕೆ ಸಂಪೀಡನ ಅನುಪಾತವೆನ್ನುತ್ತಾರೆ. ಸಿಲಿಂಡರೊಂದಕ್ಕೆ 250 ಸಿಸಿ ಇರುವ, 8ರ ಅನುಪಾತದ ಹಳೆಯ ಎಂಜಿನ್ನಿನಲ್ಲಿ ಒತ್ತಿದ ಅನಿಲಕ್ಕೆ ಉಳಿಯುವ ಜಾಗ 36 ಸಿಸಿಗಿಂತ ತುಸು ಕಡಿಮೆ, ಅದರಲ್ಲಿ ಎರಡು ಸಿಸಿಯಷ್ಟನ್ನು ಮಸಿಯೇ ಆಕ್ರಮಿಸಿದರೆ ಅನುಪಾತ 8.4ಕ್ಕೇರುತ್ತದೆ. ಮಸಿಯ ಪದರ ಶಾಖವನ್ನು ಲೋಹಕ್ಕೆ ದಾಟಗೊಡದೆ ಹಿಡಿದಿಡುವುದೂ ಇದಕ್ಕೆ ಸೇರಿ, ಇಂಧನ ಹದತಪ್ಪಿ ಸಿಡಿದು ಟಣಟಣ ಸದ್ದು ಮಾಡುತ್ತದೆ, ಇದೇ ನಾಕಿಂಗ್. ಪುಣೆಯ ಕನ್ನಡ ಕುಟುಂಬಗಳು ಬೆಳಗಾವಿ ಧಾರವಾಡಗಳ ಕಡೆಗೆ ಹೊರಟಾಗ ಕಾತ್ರಜ್ ದಾಟಿ ಖಂಬಾಟ್ಕಿ ಘಾಟಿನ ಏರಿನಲ್ಲಿ ಮೇಲಿನ ಗೇರಿನಲ್ಲೇ ಗಾಡಿಯನ್ನು ಒತ್ತಾಯಿಸಿದರೆ ಆ ಸದ್ದು ಕೇಳಿಸಿಬಿಡುತ್ತದೆ. ಹಾಗೆ ನೋಡಿದರೆ ಆ ದೂರದ ಓಟವೇ ಅರ್ಧ ಔಷಧ, ಏಕೆಂದರೆ ಊರೊಳಗೇ ಪೇಠೆಯಿಂದ ಡೆಕ್ಕನ್ ಬಡಾವಣೆಗೆ ಹೋಗಿಬರುವ ಗಾಡಿ ಬಿಸಿಯೇರುವ ಮೊದಲೇ ನಿಲ್ಲುತ್ತದೆ, ಹೆದ್ದಾರಿಯಲ್ಲಾದರೋ ಸ್ಪಾರ್ಕ್ ಪ್ಲಗ್ಗಿನ ಮೂಗು 500 ಡಿಗ್ರಿಯ ಆಸುಪಾಸು ತಲುಪಿ ತನ್ನ ಮೇಲಿನ ಮಸಿಯನ್ನು ತಾನೇ ಸುಟ್ಟುಕೊಳ್ಳುತ್ತದೆ.

ಬಲ್ಲವರು ಕೆರೆಯುವ ಮೊದಲು ನೋಡುತ್ತಾರೆ. ಬೆಂಗಳೂರಿನ ಮೈಕೊ ಕಾರ್ಖಾನೆಯ ಪ್ಲಗ್ಗುಗಳನ್ನು ತಲೆಮಾರುಗಳಿಂದ ಬಿಚ್ಚಿ ನೋಡಿದವರಿಗೆ ಈ ವಿದ್ಯೆ ಹೊಸದಲ್ಲ: ತುದಿ ತಿಳಿಕಂದಾಗಿದ್ದರೆ ದಹನ ಸರಿ, ಒಣಗಪ್ಪಾಗಿದ್ದರೆ ಪೆಟ್ರೋಲ್ ಹೆಚ್ಚು, ಎಣ್ಣೆಯೊದ್ದೆಯ ಕಪ್ಪಾಗಿದ್ದರೆ ರಿಂಗ್ ಅಥವಾ ವಾಲ್ವಿನ ಸೀಲು ಸವೆದಿದೆ, ಬಿಳಿಚಿಕೊಂಡಿದ್ದರೆ ಎಂಜಿನ್ ಅತಿಯಾಗಿ ಕಾಯುತ್ತಿದೆ. ಪಿಸ್ಟನ್ನಿನ ನೆತ್ತಿಯೂ ಹೀಗೆಯೇ ಮಾತಾಡುತ್ತದೆ. ನಾಲ್ಕರಲ್ಲಿ ಒಂದು ನೆತ್ತಿ ಮಾತ್ರ ತೊಳೆದಂತೆ ಹೊಳೆಯುತ್ತಿದ್ದರೆ ಹರ್ಷಪಡುವಂತಿಲ್ಲ, ಆ ಸಿಲಿಂಡರಿಗೆ ಹೆಡ್ ಗ್ಯಾಸ್ಕೆಟ್ ಮೂಲಕ ತಣಿಸುವ ನೀರು ಸೋರಿ ಆವಿಯಾಗಿ ಮಸಿಯನ್ನು ಕಳಚಿರುವ ಸಂಭವವೇ ಹೆಚ್ಚು. ಇಷ್ಟನ್ನು ಗಮನಿಸದೆ ಉಜ್ಜಲು ತೊಡಗುವವನು ಸಾಕ್ಷ್ಯವನ್ನು ಅಳಿಸಿ ಆಮೇಲೆ ವಿಚಾರಣೆಗೆ ಕೂರುತ್ತಾನೆ.

ಕೆಲಸದ ಸೊಗಸು ಇರುವುದು ಅದರ ಸಂಯಮದಲ್ಲಿ. ಹೆಡ್ಡಿನ ಬೋಲ್ಟುಗಳನ್ನು ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಹೊರಗಿನಿಂದ ಒಳಕ್ಕೆ ಸ್ವಲ್ಪ ಸ್ವಲ್ಪವೇ ಸಡಿಲಿಸಬೇಕು, ಇಲ್ಲದಿದ್ದರೆ ಅಲ್ಯೂಮಿನಿಯಮ್ ಬಾಗುತ್ತದೆ. ನೀರು, ಎಣ್ಣೆ ಹರಿಯುವ ರಂಧ್ರಗಳಿಗೆ ಬಟ್ಟೆ ತುರುಕಿ, ಪಿಸ್ಟನ್ನನ್ನು ತುತ್ತತುದಿಗೆ ತಂದು, ಅದರ ಸುತ್ತಲಿನ ಕೂದಲೆಳೆಯ ಸಂದಿಗೆ ಗ್ರೀಸ್ ಮೆತ್ತುತ್ತಾರೆ. ಉದುರಿದ ಮಸಿಕಣಗಳು ಆ ಗ್ರೀಸಿಗೆ ಅಂಟುತ್ತವೆ, ಕೊನೆಗೆ ಪಿಸ್ಟನ್ ಕೆಳಗಿಳಿಸಿದಾಗ ಸಿಲಿಂಡರಿನ ಗೋಡೆಯಲ್ಲಿ ಉಳಿಯುವ ಕಪ್ಪು ಉಂಗುರವನ್ನು ಬಟ್ಟೆಯಿಂದ ಒಂದೇ ಸುತ್ತಿಗೆ ಒರೆಸಿ ತೆಗೆಯುವ ತೃಪ್ತಿಗೆ ಸಾಟಿಯಾದದ್ದು ಈ ಹವ್ಯಾಸದಲ್ಲಿ ಇನ್ನೊಂದಿಲ್ಲ. ಅಲ್ಯೂಮಿನಿಯಮ್ ಮೆತ್ತನೆಯ ಲೋಹವಾದ್ದರಿಂದ ಸ್ಕ್ರೂಡ್ರೈವರ್ ಸಲ್ಲದು. ಸೀಮೆಎಣ್ಣೆಯಲ್ಲಿ ನೆನೆಸಿ, ಬಿದಿರಿನ ಅಥವಾ ತೇಗದ ಚೂಪು ಚಕ್ಕೆಯಿಂದ, ಹೆಚ್ಚೆಂದರೆ ಚಪ್ಪಟೆಯಾಗಿ ಬಡಿದ ತಾಮ್ರದ ಕೊಳವೆಯಿಂದ ಕೆರೆಯಬೇಕು. ಕಾಸ್ಟಿಕ್ ಸೋಡಾ ಉಕ್ಕಿನ ಸೈಲೆನ್ಸರಿಗೆ ಸರಿ, ಅಲ್ಯೂಮಿನಿಯಮ್ಮನ್ನು ಅದು ತಿಂದೇಹಾಕುತ್ತದೆ. ಹಳೆಯ ಕೈಪಿಡಿಗಳು ಇನ್ನೂ ಒಂದು ಸೂಕ್ಷ್ಮವನ್ನು ಹೇಳುತ್ತಿದ್ದವು: ನೆತ್ತಿಯ ಅಂಚಿನ ಸುತ್ತ ಮಸಿಯ ಒಂದು ತೆಳು ಬಳೆಯನ್ನು ಉಳಿಸಬೇಕು, ಏಕೆಂದರೆ ಸವೆದ ಎಂಜಿನ್ನಿನಲ್ಲಿ ಎಣ್ಣೆ ಮೇಲೇರದಂತೆ ಅದು ತಡೆಯುತ್ತದೆ, ಅದಕ್ಕಾಗಿ ಹಳೆಯ ಪಿಸ್ಟನ್ ರಿಂಗೊಂದನ್ನು ಅಂಚಿನ ಮೇಲೆ ಕೂರಿಸಿಕೊಂಡು ಒಳಭಾಗವನ್ನಷ್ಟೇ ಕೆರೆಯುತ್ತಿದ್ದರು. ಪಳಗಿದ ದೋಸೆಕಾವಲಿಯನ್ನು ಬರಿಕಬ್ಬಿಣ ಕಾಣುವಂತೆ ಉಜ್ಜುವ ಸೊಸೆಯನ್ನು ಯಾವ ಅತ್ತೆಯೂ ಮೆಚ್ಚುವುದಿಲ್ಲ.

ವಾಲ್ವುಗಳ ಸರದಿ ನಂತರದ್ದು. ಗ್ರೈಂಡಿಂಗ್ ಪೇಸ್ಟನ್ನು, ಅಂದರೆ ಎಣ್ಣೆಯಲ್ಲಿ ಕಲಸಿದ ಗಡಸು ಪುಡಿಯನ್ನು, ವಾಲ್ವಿನ ಅಂಚಿಗೆ ಸವರಿ, ರಬ್ಬರ್ ಬಟ್ಟಲಿರುವ ಕೋಲನ್ನು ಅಂಗೈಗಳ ನಡುವೆ ಹೊಸೆಯುತ್ತ ಹೋದರೆ, ಕರಕರ ಸದ್ದು ಕ್ರಮೇಣ ಮೃದುವಾಗಿ, ಸುತ್ತಲೂ ಒಂದೇ ಅಗಲದ ಬೂದುಪಟ್ಟಿ ಮೂಡುತ್ತದೆ. ಪೇಸ್ಟನ್ನು ಚೆನ್ನಾಗಿ ತೊಳೆದು ಪೋರ್ಟಿಗೆ ಪೆಟ್ರೋಲ್ ಹೊಯ್ದು, ಹನಿಯೂ ಜಿನುಗದಿದ್ದರೆ ಕೆಲಸ ಸರಿಯಾಯಿತೆಂದು ಲೆಕ್ಕ. ಬೋಲ್ಟುಗಳನ್ನು ಬಿಗಿಯುವುದು ಒಳಗಿನಿಂದ ಹೊರಕ್ಕೆ, ಟಾರ್ಕ್ ರೆಂಚಿನಿಂದ; ತೋಳಿನ ಅಂದಾಜನ್ನು ಇಲ್ಲಿ ನಂಬುವುದು ಜಂಬವೇ ಹೊರತು ಅನುಭವವಲ್ಲ.

ಅಡ್ಡದಾರಿಗಳೂ ಇವೆ. ಓಡುತ್ತಿರುವ ಎಂಜಿನ್ನಿನ ಕಾರ್ಬ್ಯುರೇಟರಿಗೆ ನೀರನ್ನು ಹನಿಹನಿಯಾಗಿ ಬಿಟ್ಟು ಹಬೆಯಿಂದ ಮಸಿ ಸಡಿಲಿಸುವ ಉಪಾಯ ಹಳೆಯದು, ನೀರು ಹೆಚ್ಚಾಗಿ ಸಿಲಿಂಡರಿನಲ್ಲಿ ನಿಂತರೆ ಅದನ್ನು ಒತ್ತಲಾಗದೆ ಕನೆಕ್ಟಿಂಗ್ ರಾಡೇ ಬಾಗುತ್ತದೆಂಬುದೂ ಅಷ್ಟೇ ಹಳೆಯದು. ಪೆಟ್ರೋಲಿಗೆ ಬೆರೆಸುವ ದ್ರಾವಣಗಳಲ್ಲಿ ಪಾಲಿಈಥರ್ ಅಮೀನ್ ಇರುವಂಥವು ನಿಧಾನವಾಗಿಯಾದರೂ ನಿಜವಾಗಿ ಕೆಲಸ ಮಾಡುತ್ತವೆ. ಯಂತ್ರ ತಂದು ಜಲಜನಕ ಊದುವ ಸೇವೆಯನ್ನು ಮೆಚ್ಚುವ ಮೊದಲು, ಪ್ಲಗ್ಗಿನ ರಂಧ್ರದಿಂದ ಇಳಿಬಿಡುವ, ಮೊಬೈಲಿಗೆ ಜೋಡಿಸುವ ಅಗ್ಗದ ಕ್ಯಾಮೆರಾದಲ್ಲಿ ಮೊದಲೊಮ್ಮೆ, ಆಮೇಲೊಮ್ಮೆ ನೋಡುವುದು ಲೇಸು.

ಫ್ಯುಯೆಲ್ ಇಂಜೆಕ್ಷನ್ ಬಂದ ಮೇಲೆ ಈ ಕಸುಬು ಮುಗಿಯಿತೆಂದೇ ಭಾವಿಸಲಾಗಿತ್ತು. ಆದರೆ ಪುಣೆಯ ಬಳಿಯ ಚಾಕಣದಲ್ಲಿ 2009ರಲ್ಲಿ ತೆರೆದ ಫೋಕ್ಸ್‌ವ್ಯಾಗನ್ ಕಾರ್ಖಾನೆಯ ಟಿಎಸ್‌ಐ ಕಾರುಗಳಲ್ಲಿರುವಂಥ ಡೈರೆಕ್ಟ್ ಇಂಜೆಕ್ಷನ್ ಎಂಜಿನ್ನುಗಳಲ್ಲಿ ಪೆಟ್ರೋಲ್ ನೇರವಾಗಿ ಸಿಲಿಂಡರಿನೊಳಗೇ ಸಿಂಪಡಣೆಯಾಗುವುದರಿಂದ ಗಾಳಿಯ ವಾಲ್ವಿನ ಬೆನ್ನನ್ನು ತೊಳೆಯುವವರೇ ಇಲ್ಲವಾಗಿ, ಎಂಜಿನ್ನಿನ ಒಡಲಿನಿಂದ ಮರಳಿ ಬರುವ ಎಣ್ಣೆಯಾವಿ ಅಲ್ಲಿ ಸುಟ್ಟು ಕೂರುತ್ತದೆ. ಪೆಟ್ರೋಲಿಗೆ ಬೆರೆಸಿದ ಯಾವ ದ್ರಾವಣವೂ ಅಲ್ಲಿಗೆ ತಲುಪುವುದಿಲ್ಲ. ಸುಸಜ್ಜಿತ ಗ್ಯಾರೇಜುಗಳಲ್ಲಿ ಅಕ್ರೋಟಿನ ಚಿಪ್ಪಿನ ಪುಡಿಯನ್ನು ಗಾಳಿಯೊತ್ತಡದಿಂದ ಸಿಡಿಸಿ ಇದನ್ನು ತೆಗೆಯುತ್ತಾರೆ. ಮನೆಯಲ್ಲಾದರೆ ಇನ್‌ಟೇಕ್ ಮ್ಯಾನಿಫೋಲ್ಡನ್ನು, ಅಂದರೆ ಗಾಳಿ ಹಂಚುವ ಕೊಳವೆಗಳ ಜೋಡಣೆಯನ್ನು, ಕಳಚಿ, ಆಯಾ ಸಿಲಿಂಡರಿನ ವಾಲ್ವುಗಳು ಪೂರ್ತಿ ಮುಚ್ಚಿವೆಯೆಂದು ಟಾರ್ಚು ಬಿಟ್ಟು ಖಚಿತಪಡಿಸಿಕೊಂಡು, ದ್ರಾವಣ ತುಂಬಿ ನೆನೆಸಿ, ನೈಲಾನ್ ಬ್ರಶ್ಶಿನಿಂದ ಉಜ್ಜಿ, ಕೊಳೆಯನ್ನು ಹೀರಿ ತೆಗೆದು, ಎಂಜಿನ್ನನ್ನು ಕೈಯಿಂದ ತಿರುಗಿಸಿ ಮುಂದಿನದಕ್ಕೆ ಹೋಗಬೇಕು. ನಾಲ್ಕು ಸಿಲಿಂಡರಿನ ಕಾರಾದರೆ ಭಾನುವಾರ ಪೂರ್ತಿ ಹೋದಂತೆಯೇ. ಮೂರರದಾದರೆ ಸಂಜೆಯ ಚಹಾದ ಹೊತ್ತಿಗೆ ಮ್ಯಾನಿಫೋಲ್ಡನ್ನು ಹೊಸ ಗ್ಯಾಸ್ಕೆಟ್ಟಿನೊಂದಿಗೆ ಮರಳಿ ಕೂರಿಸಬಹುದು.