ಯಂತ್ರಕ್ಕೆ ಬರೆದ ಪಾಠ

ಕೈಪಿಡಿ ಬರೆಯುವವರು ಇಷ್ಟು ಕಾಲ ಓದುಗ ಮನುಷ್ಯನೆಂದೇ ತಿಳಿದು ಬರೆಯುತ್ತಿದ್ದರು. ಅರ್ಥವಾಗದಿದ್ದರೆ ಪಕ್ಕದವರನ್ನು ಕೇಳುತ್ತಾನೆ, ಅನುಮಾನ ಬಂದರೆ ಕೈ ತಡೆಯುತ್ತಾನೆ ಎಂಬ ಭರವಸೆ ಅವರಿಗಿತ್ತು. ಈಗ ಓದುಗರ ಸಾಲಿಗೆ ಯಂತ್ರವೂ ಬಂದು ಕುಳಿತಿದೆ. ಸಾಫ್ಟ್‌ವೇರಿನ ದೋಷ ಹುಡುಕುವ ಕೆಲಸವನ್ನು ಎಐ ಏಜೆಂಟ್‌ಗಳಿಗೆ ಒಪ್ಪಿಸಲಾಗುತ್ತಿದೆ. ಒಪ್ಪಿಸಿದ ಕೆಲಸಕ್ಕೆ ಬೇಕಾದ ಹೆಜ್ಜೆಗಳನ್ನು ತಾನೇ ಗೊತ್ತುಮಾಡಿಕೊಂಡು, ಉಪಕರಣಗಳನ್ನು ತಾನೇ ನಡೆಸುವ ಪ್ರೋಗ್ರಾಮಿಗೆ ಆ ಹೆಸರು. ಇವುಗಳನ್ನು ಉಪಕರಣಗಳಿಗೆ ಜೋಡಿಸುವ ‘ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೋಕಾಲ್’ ಎಂಬ ಪದ್ಧತಿ 2024ರ ನವೆಂಬರಿನಲ್ಲಿ ಪ್ರಕಟವಾಯಿತು. ಜೋಡಣೆ ಸುಲಭವಾಯಿತು. ಆದರೆ ಉಪಕರಣವನ್ನು ಹೇಗೆ ಹಿಡಿಯಬೇಕು, ಎಲ್ಲಿ ಮುಟ್ಟಬಾರದು ಎಂದು ಯಾರಾದರೂ ಬರೆದುಕೊಡಲೇಬೇಕು.

ಅಂಕೋಲೆಯಲ್ಲಿರುವ ನಮ್ಮ ಅಕ್ಕನ ಮಗಳು ಮನೆಯಲ್ಲೇ ಕುಳಿತು ಬೆಂಗಳೂರಿನ ಒಂದು ಕಂಪೆನಿಗೆ ಮಾಡುವ ಕೆಲಸ ಇದೇ. ಅವಳ ಮುಂದಿರುವುದು ಜಿಡಿಬಿ. 1986ರಲ್ಲಿ ರಿಚರ್ಡ್ ಸ್ಟಾಲ್‌ಮನ್ ಬರೆದ ಡಿಬಗ್ಗರ್ ಅದು. ಓಡುತ್ತಿರುವ ಪ್ರೋಗ್ರಾಮನ್ನು ಬೇಕಾದ ಸಾಲಿನಲ್ಲಿ ನಿಲ್ಲಿಸಿ, ಅದರ ಹೊಟ್ಟೆಯೊಳಗೆ ಏನಿದೆಯೆಂದು ತೋರಿಸುತ್ತದೆ. ಹೇಳಬೇಕಾದ ಉತ್ತರ ಉದ್ದವಾಗಿ ಪರದೆ ತುಂಬಿದರೆ, ಮುಂದುವರಿಯಲು ಎಂಟರ್ ಒತ್ತಿ ಎಂದು ಕಾಯುತ್ತದೆ. ಮನುಷ್ಯನಾದರೆ ಒತ್ತುತ್ತಾನೆ. ಏಜೆಂಟ್ ಅಲ್ಲೇ ಕಾಯುತ್ತ ಕುಳಿತುಬಿಡಬಹುದು. ಆದ್ದರಿಂದ ‘ಸೆಟ್ ಪೇಜಿನೇಶನ್ ಆಫ್’ ಎಂಬ ಆಜ್ಞೆಯನ್ನು ಮೊದಲ ಪುಟದಲ್ಲೇ ಹೇಳಬೇಕು. ಜನ ಬಳಸುತ್ತಿರುವ ಪ್ರೋಗ್ರಾಮಿಗೆ ಡಿಬಗ್ಗರ್ ಜೋಡಿಸಿದರೆ ಪ್ರೋಗ್ರಾಮು ಸ್ತಬ್ಧವಾಗುತ್ತದೆ, ಆಚೆ ಬದಿಯಲ್ಲಿ ಕಾಯುತ್ತಿರುವವರ ಕೆಲಸ ನಿಲ್ಲುತ್ತದೆ. ಅದನ್ನೂ ಬರೆಯಬೇಕು.

ಕಾರವಾರದ ಬೈತಖೋಲ ಬಂದರಿನಲ್ಲಿ ದೋಣಿಯ ಇಂಜಿನ್ ರಿಪೇರಿ ಮಾಡುವವರನ್ನು ನಾವು ಬಹಳ ಸಲ ನೋಡುತ್ತ ನಿಂತಿದ್ದೇವೆ. ಉಸ್ತಾದ್ ಇಂಜಿನ್ನಿನ ಸದ್ದಿಗೆ ಕಿವಿಗೊಟ್ಟೇ ದೋಷ ಹೇಳುತ್ತಾನೆ. ಪಕ್ಕದಲ್ಲಿ ಪಾನಾ ಹಿಡಿದು ನಿಂತ ಹುಡುಗನಿಗೆ ‘ಅದನ್ನು ಬಿಚ್ಚಬೇಡ’ ಎಂಬ ಒಂದೇ ಮಾತು. ಯಾಕೆ ಬಿಚ್ಚಬಾರದು ಎಂಬುದು ಹುಡುಗನಿಗೆ ತಿಳಿಯಲು ವರ್ಷಗಳೇ ಬೇಕು. ಸಾಫ್ಟ್‌ವೇರಿನಲ್ಲೂ ಹೆಚ್ಚಿನ ವಿದ್ಯೆ ಹೀಗೆ ಪಕ್ಕದ ಕುರ್ಚಿಯಿಂದಲೇ ಬರುತ್ತಿತ್ತು. ಏಜೆಂಟಿಗೆ ಪಕ್ಕದ ಕುರ್ಚಿ ಇಲ್ಲ.

ಕಳೆದ ರಂಜಾನಿನ ನಂತರ ಅವಳು ಪರೀಕ್ಷೆಗೆ ಕನ್ನಡ, ಉರ್ದು ಪದಗಳನ್ನು ಕೇಳಿದಳು. ನಾವು ನಮ್ಮ ಎರಡು ಊರುಗಳ ಹೆಸರನ್ನೇ ಕೊಟ್ಟೆವು. ‘ಅಂಕೋಲಾ’ ಕಣ್ಣಿಗೆ ಮೂರು ಅಕ್ಷರ, ‘ಕಾರವಾರ’ ನಾಲ್ಕು. ಯುನಿಕೋಡಿನ ಲೆಕ್ಕದಲ್ಲಿ ಎರಡೂ ಆರಾರು ಸಂಕೇತ. ಯುಟಿಎಫ್-8ರಲ್ಲಿ ಒಂದೊಂದು ಕನ್ನಡ ಸಂಕೇತಕ್ಕೆ 3 ಬೈಟ್, ಒಟ್ಟು 18. ಉರ್ದುವಿನಲ್ಲಿ ಕಾರವಾರವೆಂದು ಬರೆದರೆ ಆರು ಅಕ್ಷರ, 12 ಬೈಟ್ ಮಾತ್ರ. ಪ್ರೋಗ್ರಾಮು ಊರಿನ ಹೆಸರಿಗೆ ಕೊಟ್ಟಿದ್ದ ಜಾಗ 16 ಬೈಟ್. ಇಂಗ್ಲಿಷ್ ಹೆಸರು ಹಿಡಿಸಿತು, ಉರ್ದುವೂ ಹಿಡಿಸಿತು. ಕನ್ನಡದಲ್ಲಿ ಮಾತ್ರ ಎರಡೂ ಊರುಗಳ ಬಾಲ ತುಂಡಾಯಿತು.

ಪ್ರಯೋಗಕ್ಕಿಟ್ಟ ಏಜೆಂಟಿಗೆ ಇದನ್ನು ಒಪ್ಪಿಸಿದಳು. ಭಾಷೆಯ ಸೆಟ್ಟಿಂಗ್ ಸರಿಯಿಲ್ಲದಿದ್ದರೆ ಡಿಬಗ್ಗರ್ ಕನ್ನಡದ ‘ಕ’ವನ್ನು 340, 262, 225 ಎಂಬ ಅಂಕೆಗಳಾಗಿ ತೋರಿಸುತ್ತದೆ. ಏಜೆಂಟ್ ಅದನ್ನು ಕಸವೆಂದು ತಿಳಿದು, ಇಂಗ್ಲಿಷ್ ಅಲ್ಲದ ಅಕ್ಷರಗಳನ್ನೆಲ್ಲ ಅಳಿಸುವ ನಾಲ್ಕು ಸಾಲು ಸೇರಿಸಿ, ದೋಷ ನಿವಾರಣೆಯಾಗಿದೆ ಎಂದು ವರದಿ ಕೊಟ್ಟಿತು. ಪ್ರೋಗ್ರಾಮೇನೋ ತಕರಾರಿಲ್ಲದೆ ಓಡಿತು. ಊರುಗಳೇ ಇರಲಿಲ್ಲ!

ನಗುವ ವಿಷಯವಲ್ಲ ಇದು. ರೇಷನ್ ಕಾರ್ಡಿನಲ್ಲಿ ಒಂದು ರೀತಿ, ಶಾಲೆಯ ದಾಖಲೆಯಲ್ಲಿ ಇನ್ನೊಂದು ರೀತಿ ಹೆಸರಿದ್ದು, ಒಂದಕ್ಷರದ ಸಲುವಾಗಿ ಕಚೇರಿಯಿಂದ ಕಚೇರಿಗೆ ಅಲೆದವರು ನಮ್ಮ ಮೊಹಲ್ಲಾಗಳಲ್ಲಿ ಮನೆಗೊಬ್ಬರು ಸಿಗುತ್ತಾರೆ. ಹೆಸರು ಅಮಾನತ್ತು. ಅದನ್ನು ಇಟ್ಟುಕೊಂಡವರು ಇದ್ದ ಹಾಗೆಯೇ ಹಿಂದಿರುಗಿಸಬೇಕು.

ಅಂದು ಅವಳು ಕೈಪಿಡಿಗೆ ಮೂರು ಮಾತು ಸೇರಿಸಿದಳು. ಅಂಕೆಗಳಾಗಿ ಕಂಡದ್ದು ಕೆಟ್ಟ ಅಕ್ಷರವಲ್ಲ, ಮೊದಲು ಭಾಷೆಯ ಸೆಟ್ಟಿಂಗ್ ನೋಡು. ಜನರು ಕೊಟ್ಟ ಮಾಹಿತಿಯನ್ನು ಅಳಿಸಿ ದೋಷ ಮುಚ್ಚಬೇಡ. ಯಾವ ಆಜ್ಞೆ ಕೊಟ್ಟೆ, ಏನು ಉತ್ತರ ಬಂತು, ಅದರಿಂದ ಏನು ತೀರ್ಮಾನಿಸಿದೆ ಎಂದು ಸಾಲಾಗಿ ಬರೆ. ಮೂರನೆಯದನ್ನು ಓದಿದಾಗ ನಮಗೆ ಹದೀಸ್ ವಿದ್ವಾಂಸರ ಇಸ್ನಾದ್ ನೆನಪಾಯಿತು. ಮಾತು ಎಷ್ಟೇ ಚೆನ್ನಾಗಿರಲಿ, ಅದು ಯಾರಿಂದ ಯಾರಿಗೆ ಬಂತೆಂಬ ಸರಪಳಿಯನ್ನು ಕೇಳದೆ ಅವರು ಒಪ್ಪುತ್ತಿರಲಿಲ್ಲ.

“ಮಾಮು, ಇಷ್ಟೆಲ್ಲ ಬರೆದುಕೊಟ್ಟ ಮೇಲೆ ಹೊಸಬರನ್ನು ಕೆಲಸಕ್ಕೆ ಯಾರು ತೆಗೆದುಕೊಳ್ಳುತ್ತಾರೆ?” ಎಂದು ಅವಳು ಕೇಳಿದಳು. ಡಿಗ್ರಿ ಮುಗಿಸಿ ಮನೆಯಲ್ಲಿ ಕುಳಿತ ತಮ್ಮನ ಮೇಲೆ ಅವಳ ಕಣ್ಣಿತ್ತು. ಸಮಾಧಾನದ ಮಾತು ನಮ್ಮಲ್ಲಿರಲಿಲ್ಲ. ಕೈಪಿಡಿಯನ್ನು ಮತ್ತೊಮ್ಮೆ ತಿರುವಿ ಹಾಕಿದೆವು. ಯಾಕೆ ಮುಟ್ಟಬಾರದು, ಮುಟ್ಟಿದರೆ ಏನಾಗುತ್ತದೆ, ಗೊತ್ತಿಲ್ಲದಿದ್ದರೆ ಎಲ್ಲಿ ನಿಲ್ಲಬೇಕು, ಎಲ್ಲವೂ ಅದರಲ್ಲಿತ್ತು. ಪಾನಾ ಹಿಡಿದು ನಿಂತ ಹುಡುಗನಿಗೆ ಇಷ್ಟು ತಾಳ್ಮೆಯಿಂದ ಯಾರೂ ಬರೆದುಕೊಟ್ಟದ್ದನ್ನು ನಾವು ಕಂಡಿಲ್ಲ.

“ಇದನ್ನು ಕನ್ನಡದಲ್ಲೂ ಬರೆ ಬೇಟಿ” ಎಂದೆವು. ಕಂಪೆನಿಯ ಗುಟ್ಟು ಅದರಲ್ಲಿ ಯಾವುದೂ ಇಲ್ಲ, ಜಿಡಿಬಿ ಯಾರು ಬೇಕಾದರೂ ಬಳಸಬಹುದಾದ ಉಪಕರಣ. ಅವಳು ಬರೆಯತೊಡಗಿದ್ದಾಳೆ, ತಮ್ಮ ಪಕ್ಕದಲ್ಲಿ ಕುಳಿತು ಒಂದೊಂದೇ ಆಜ್ಞೆಯನ್ನು ಮಾಡಿ ನೋಡುತ್ತಿದ್ದಾನೆ. ಅವನಿಗೆ ಕೆಲಸ ಸಿಗುತ್ತದೆಂದು ಹೇಳಲಾರೆವು. ಆದರೆ ಊರಿನ ಹೆಸರು ಅಳಿಸಿಹೋದಾಗ ಅದು ಅಳಿಸಿದೆ ಎಂದು ಗುರುತಿಸಲು, ಅದನ್ನು ಓದಬಲ್ಲವನೊಬ್ಬ ಅಲ್ಲಿರಬೇಕು.