ಟ್ರಂಕು ಹೊತ್ತ ಯೆಜ್ಡಿ ಆಗುಂಬೆಗೆ ಹೋದದ್ದು

"ಏನ್ ಸಾರ್, ಕುಲ್ಫಿನಾ?"

ಹಾಸನದ ಬಸ್‌ಸ್ಟ್ಯಾಂಡ್ ಎದುರು ಗಾಡಿ ನಿಲ್ಲಿಸಿ ಟೀ ಕುಡಿಯುತ್ತಿದ್ದ ನನ್ನನ್ನು ಒಬ್ಬ ಹುಡುಗ ಹೀಗೆ ಕೇಳಿದ. ಅವನ ತಪ್ಪೇನಿಲ್ಲ. ಹಳೇ ಯೆಜ್ಡಿಯ ಬೆನ್ನ ಮೇಲೆ ಹಸಿರು ಬಣ್ಣದ ತಗಡಿನ ಟ್ರಂಕು ಕೂತಿದ್ದರೆ ಯಾರಿಗಾದರೂ ಕುಲ್ಫಿಯೋ ಬನ್ನೋ ನೆನಪಾಗಲೇಬೇಕು. "ಇಲ್ಲಪ್ಪಾ, ಇದರೊಳಗೆ ಮಾಲ್ಗುಡಿ ಇದೆ" ಅಂದೆ. ನನ್ನನ್ನು ಮೇಲಿಂದ ಕೆಳಗೆ ನೋಡಿ ಹೊರಟೇಹೋದ.

ಸುಳ್ಳು ಹೇಳಲಿಲ್ಲ, ಗೆಳೆಯರೇ. ಟ್ರಂಕಿನೊಳಗೆ 11 ಫೋಟೋಗಳಿದ್ದವು. 1980ರ ದಶಕದ ನಡುವೆ ಶಂಕರ್‌ನಾಗ್ ಆಗುಂಬೆಯಲ್ಲಿ 'ಮಾಲ್ಗುಡಿ ಡೇಸ್' ಚಿತ್ರೀಕರಿಸಿದಾಗ ನೋಡಲು ನಿಂತ ಗುಂಪಿನಲ್ಲಿ ಒಬ್ಬ ಚಡ್ಡಿ ಹುಡುಗನೂ ಇದ್ದ. ಈಗ ಆತ ಅಲ್ಲೇ ಟೀ ಅಂಗಡಿಯ ಯಜಮಾನರು. ಫೋಟೋ ತೆಗೆದವರು ಅವರ ಸೋದರಮಾವ. ಹೋದ ವರ್ಷ ಮಳೆಗಾಲದಲ್ಲಿ, "ಲೇಖನ ಬರೆದು ಎಂಟೇ ದಿನದಲ್ಲಿ ತಂದುಕೊಡ್ತೀನಿ" ಅಂತ ಆಣೆ ಮಾಡದ ಒಂದು ಕೊರತೆಯಾಗಿ ಹೇಳಿ ಅವನ್ನು ಈಸಿಕೊಂಡು ಬಂದಿದ್ದೆ. ನನ್ನ ರೆಕ್ಸಿನ್ ಚೀಲದ ಮೇಲೆ 'ವಾಟರ್‌ಪ್ರೂಫ್' ಅಂತ ಅಚ್ಚು ಹಾಕಿತ್ತು. ಶೃಂಗೇರಿ ದಾಟುವಷ್ಟರಲ್ಲಿ ಒದ್ದೆಯಾಗದೆ ಉಳಿದದ್ದು ಆ ಮಾತೊಂದೇ! ಮೂರು ಫೋಟೋ ಒಂದಕ್ಕೊಂದು ಅಂಟಿಕೊಂಡವು. ಬಿಡಿಸಲು ಹೋದೆ. ಒಂದರಲ್ಲಿ ಮುಖವೇ ಕಿತ್ತು ಬಂತು.

ಲೇಖನ ಬರೆಯಲಿಲ್ಲ. ಅವರು ಎರಡು ಸಲ ಫೋನ್ ಮಾಡಿದರು, ಎತ್ತಲಿಲ್ಲ. ಈ ಜುಲೈನಲ್ಲಿ ಒಂದು ಮೆಸೇಜು ಬಂತು: "ಅಂಗಡಿ ಮುಚ್ಚಿ ಮಗನ ಊರಿಗೆ ಹೋಗ್ತಿದ್ದೇವೆ. ತಿಂಗಳ ಕೊನೆಯೊಳಗೆ ಫೋಟೋ ಬೇಕು." ಅಂಚೆಗೆ ಹಾಕಬಹುದಿತ್ತು, ಮುಖ ತೋರಿಸದೆ ಕಳಿಸಲು ಮನಸ್ಸಾಗಲಿಲ್ಲ. ಬಸ್ಸಿನಲ್ಲಿ ಹೋಗಬಹುದಿತ್ತಲ್ಲಾ ಅನ್ನಬೇಡಿ. ಯೆಜ್ಡಿ ಇಟ್ಟುಕೊಂಡವನ ಎದುರು ಆಡುವ ಮಾತೇ ಅದು?

ಅಂಗಡಿಯಲ್ಲಿ ಸಿಗುವ ಮೋಟಾರ್‌ಸೈಕಲ್ ಪೆಟ್ಟಿಗೆಗಳ ಬೆಲೆ ಕೇಳಿದೆ. ನಾಲ್ಕು ಲೇಖನದ ಸಂಭಾವನೆ! ಮನೆಗೆ ಬಂದು ಅಮ್ಮನ ಮಂಚದ ಕೆಳಗಿನಿಂದ ನನ್ನ ಹಾಸ್ಟೆಲ್ ಟ್ರಂಕು ಎಳೆದೆ. 24 ಇಂಚು ಉದ್ದ, 14 ಇಂಚು ಅಗಲ. ಪಿಯುಸಿ ಅರ್ಧಕ್ಕೆ ಬಿಟ್ಟು ಅದನ್ನು ಹೊತ್ತು ಬಂದ ದಿನ ಅಪ್ಪ ಒಂದು ಮಾತೂ ಆಡದೆ ಕಾಲಿನಿಂದ ಅಲ್ಲಿಗೆ ತಳ್ಳಿದ್ದರು. ಆಮೇಲೆ ಯಾರೂ ಮುಟ್ಟಿರಲಿಲ್ಲ.

ನನ್ನ ರೋಡ್‌ಕಿಂಗ್ ಹುಟ್ಟಿದ್ದು ಮೈಸೂರಿನ ಯಾದವಗಿರಿಯಲ್ಲಿ. 1961ರಲ್ಲಿ ಶುರುವಾದ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು. ಮಾಲ್ಗುಡಿಯನ್ನು ಬರೆದ ಆರ್.ಕೆ. ನಾರಾಯಣ್ ಮನೆ ಕಟ್ಟಿಸಿದ್ದೂ ಅದೇ ಯಾದವಗಿರಿಯಲ್ಲಿ. ಅಂದಮೇಲೆ ಈ ಕೆಲಸಕ್ಕೆ ಬೇರೆ ಗಾಡಿ ಸಲ್ಲದು, ಅಲ್ಲವೇ?

ಮಂಡಿ ಮೊಹಲ್ಲಾದ ವೆಲ್ಡಿಂಗ್ ಮೇಸ್ತ್ರಿ ಟ್ರಂಕನ್ನು ಬೆರಳಿನಿಂದ ತಟ್ಟಿ ನೋಡಿದರು. ನಾನು ಅದನ್ನು ಮಡ್‌ಗಾರ್ಡ್ ಮೇಲೆ ಉದ್ದುದ್ದ ಕೂರಿಸಿ ನಾಲ್ಕು ಬೋಲ್ಟು ಹೊಡೆಯಿರಿ ಅಂದೆ. ಮೇಸ್ತ್ರಿ ನಕ್ಕರು.

"ಮಡ್‌ಗಾರ್ಡ್ ಕೆಸರು ತಡೆಯಕ್ಕೆ ಇರೋದು ಸಾಮಿ, ಸಂಸಾರ ಹೊರಕ್ಕಲ್ಲ."

ಅವರ ಲೆಕ್ಕ ಬೇರೆ. ಭಾರ ಬೀಳಬೇಕಾದದ್ದು ಫ್ರೇಮಿನ ಮೇಲೆ. ಹಿಂದಿನ ಶಾಕ್ ಅಬ್ಸಾರ್ಬರ್‌ಗಳ ಮೇಲ್ತುದಿಯ ಬೋಲ್ಟುಗಳಿವೆಯಲ್ಲ, ಅಲ್ಲಿಂದ ಎರಡೂ ಕಡೆ ಕಬ್ಬಿಣದ ಪಟ್ಟಿ ಎತ್ತಿ, ಮೇಲೆ ಚೌಕ ಪೈಪಿನ ಚೌಕಟ್ಟು ಬೆಸೆದರು. ಟ್ರಂಕನ್ನು ಅಡ್ಡಡ್ಡ ಇಟ್ಟರು. ಉದ್ದುದ್ದ ಇಟ್ಟರೆ ಅರ್ಧ ಭಾರ ಹಿಂದಕ್ಕೆ ಜೋತು ಮುಂದಿನ ಚಕ್ರ ಹಗುರಾಗುತ್ತದೆ. 24 ಇಂಚು ಹ್ಯಾಂಡಲ್ಲಿನ ಅಗಲ ಮೀರುವುದಿಲ್ಲ. ಹ್ಯಾಂಡಲ್ ತೂರಿದ ಸಂದಿಯಲ್ಲಿ ಟ್ರಂಕೂ ತೂರುತ್ತದೆ ಅಂತಾಯಿತು. ಹಿಂದಿನ ದೀಪ, ನಂಬರ್ ಪ್ಲೇಟು, ಇಂಡಿಕೇಟರು ಮರೆಯಾಗಿಲ್ಲ ಅಂತ ಹತ್ತು ಮಾರು ದೂರ ನಿಂತು ನೋಡಿದೆವು.

ತಗಡಿಗೆ ಬರಿಯ ನಟ್ಟು ಬಿಗಿದರೆ ನಾಲ್ಕೇ ಗುಂಡಿಗೆ ತೂತು ಹರಿದುಹೋಗುತ್ತದೆ. ಅದಕ್ಕೇ ತಳದೊಳಗೆ ಎರಡು ಕಬ್ಬಿಣದ ಪಟ್ಟಿ ಇಟ್ಟು, ಹೊರಗೆ ಹಳೇ ಲಾರಿ ಟ್ಯೂಬಿನ ರಬ್ಬರು ಕೊಟ್ಟು, ಪಟ್ಟಿ, ತಗಡು, ರಬ್ಬರು, ಚೌಕಟ್ಟು ಎಲ್ಲ ಸೇರಿಸಿ ಬೋಲ್ಟು ಹಾಕಿದರು. ಮುಚ್ಚಳದ ಕೀಲು ಸವಾರನ ಕಡೆಗೆ, ಚಿಲಕ ಹಿಂದಕ್ಕೆ. ಓಡುವಾಗ ಚಿಲಕ ಕಳಚಿದರೂ ಗಾಳಿ ಮುಚ್ಚಳವನ್ನು ಒತ್ತಿ ಹಿಡಿಯುತ್ತದೆ, ಎತ್ತಿ ಎಸೆಯುವುದಿಲ್ಲ. ಕೀಲಿನ ಸಂದಿಗೆ ಸೈಕಲ್ ಟ್ಯೂಬು ಸೀಳಿ ಅಂಟಿಸಿದ್ದು ನನ್ನ ಕೈಚಳಕ. ಕೊನೆಗೆ ಮೇಸ್ತ್ರಿ ತಳದಲ್ಲಿ ಒಂದು ಸಣ್ಣ ತೂತು ಕೊರೆದರು. "ಅಯ್ಯೋ!" ಅಂದೆ. "ನೀರು ಬರಲ್ಲ ಅಂತ ಯಾರೂ ಹೇಳಕ್ಕಾಗಲ್ಲ ಸಾಮಿ. ಬಂದದ್ದು ಹೋಗ್ಬೇಕಲ್ಲ?"

ಕಬ್ಬಿಣ, ಕೂಲಿ, ನಟ್ಟು ಬೋಲ್ಟು, ಒಂದು ಪುಟ್ಟ ಡಬ್ಬಿ ಬಣ್ಣ ಎಲ್ಲ ಸೇರಿ 880 ರೂಪಾಯಿ.

ರಿಂಗ್ ರೋಡಿನಲ್ಲಿ ಪರೀಕ್ಷೆಗೆ ಹೊರಟೆ. 60 ದಾಟುತ್ತಲೇ ಹ್ಯಾಂಡಲ್ ಜ್ವರ ಬಂದವರ ಹಾಗೆ ನಡುಗಿತು! ಎದೆ ಝಲ್ಲೆಂದಿತು. ವಾಪಸು ಬಂದು ಚೌಕಟ್ಟನ್ನು ಕತ್ತರಿಸಿ, ನಾಲ್ಕು ಇಂಚು ಮುಂದಕ್ಕೆ ತಂದು ಮತ್ತೆ ಬೆಸೆಸಿದೆ. ನಡುಕ ನಿಂತಿತು. ಆದರೆ ಹಿಂದಿನ ಸೀಟು ಹೋಯಿತು. ಜೊತೆಗೆ ಬರಬೇಕಿದ್ದ ಗೆಳೆಯ, ಜಾಕೆಟ್ಟು ಹಾಕಿಕೊಂಡು ತಯಾರಾಗಿ ನಿಂತವನು, ಟ್ರಂಕನ್ನೂ ನನ್ನನ್ನೂ ನೋಡಿ, "ಅದನ್ನೇ ಕರ್ಕೊಂಡ್ಹೋಗು" ಅಂತ ಬಾಗಿಲು ಹಾಕಿಕೊಂಡ.

ಸಾಮಾನು ತುಂಬುವುದರಲ್ಲೂ ವಿದ್ಯೆ ಇದೆ. ಸ್ಪ್ಯಾನರು, ಬಿಡಿ ಟ್ಯೂಬು, ಭಾರದ್ದೆಲ್ಲ ತಳದಲ್ಲಿ, ನನ್ನ ಬೆನ್ನಿನ ಕಡೆಗೆ. ಮೇಲೆ ಮರದ ಹಲಗೆ, ಅದರ ಮೇಲೆ ಪ್ಲಾಸ್ಟಿಕ್ ಸುತ್ತಿದ ಫೋಟೋಗಳು. ಪೆಟ್ರೋಲಿಗೆ ಬೆರೆಸುವ ಆಯಿಲ್ ಡಬ್ಬಿ ಮಾತ್ರ ಹೊರಗೆ. ಟೂ-ಸ್ಟ್ರೋಕ್ ಗಾಡಿಯವನ ಪಾಡು ನಿಮಗೇ ಗೊತ್ತು.

ಕೃಷ್ಣರಾಜನಗರ, ಹೊಳೆನರಸೀಪುರ, ಹಾಸನ. ಕುಲ್ಫಿ ಹುಡುಗ ಹೋದಮೇಲೆ ಬಗ್ಗಿ ನೋಡಿದರೆ ಎರಡು ನಟ್ಟು ಅರ್ಧ ಸುತ್ತು ಸಡಿಲ! ಯೆಜ್ಡಿಯ ಅದುರಿಗೆ ಬರೀ ನಟ್ಟು ನಿಲ್ಲುವುದಿಲ್ಲ. ಅಲ್ಲೇ ನೈಲಾನ್ ಬಳೆ ಇರುವ ಲಾಕ್ ನಟ್ಟು ಕೊಂಡು ಬದಲಿಸಿದೆ. ಹೊಸದಾಗಿ ಟ್ರಂಕು ಹಾಕಿಸುವವರು ಮೊದಲ 50 ಕಿಲೋಮೀಟರಿಗೇ ಇಳಿದು ನೋಡಿ. ನನ್ನಂತೆ 120ರವರೆಗೆ ಕಾಯಬೇಡಿ.

ಬೇಲೂರಿನವರೆಗೆ ಹನಿ, ಚಿಕ್ಕಮಗಳೂರು ದಾಟಿದ ಮೇಲೆ ಮಳೆ, ಶೃಂಗೇರಿಯಿಂದಾಚೆ ಅದು ಮಳೆಯೇ ಅಲ್ಲ, ನೇತುಬಿದ್ದ ನೀರು. ವರ್ಷಕ್ಕೆ 7000 ಮಿಲಿಮೀಟರಿಗೂ ಹೆಚ್ಚು ಸುರಿಯುವ ಊರಿನ ಹೆಬ್ಬಾಗಿಲು ಅದು. 'ಆಕಸ್ಮಿಕ' ಚಿತ್ರದಲ್ಲಿ ಡಾ. ರಾಜ್ ಆಗುಂಬೆಯ ಸಂಜೆಯನ್ನು ಹಾಡಿದ್ದು 1993ರಲ್ಲಿ. ಸೂರ್ಯಾಸ್ತ ನೋಡುವ ಆಸೆಯಿಂದ ಜುಲೈನಲ್ಲಿ ಬರಬೇಡಿ. ಸೂರ್ಯನೇ ಇರುವುದಿಲ್ಲ.

ನಾಲ್ಕು ಗಂಟೆಗೇ ಕತ್ತಲು. ಅಂಗಡಿಯಲ್ಲಿ ಅರ್ಧ ಸಾಮಾನು ಗೋಣಿಚೀಲಕ್ಕೆ ಹೋಗಿತ್ತು. ಯಜಮಾನರು "ಬಂದ್ರಾ" ಅಂದರು, ಅಷ್ಟೇ. ಸೂರಿನ ಕೆಳಗೆ ಗಾಡಿ ತಂದು ಬೀಗ ತೆಗೆದೆ. ತಳದಲ್ಲಿ ಒಂದು ಬೊಗಸೆ ನೀರು, ಮೇಸ್ತ್ರಿಯ ತೂತಿನಿಂದ ತೊಟ್ಟಿಕ್ಕುತ್ತಿತ್ತು. ಹಲಗೆಯ ಮೇಲೆ ಒಣ ಒಣ.

ಅವರು ಒಂದೊಂದೇ ಎಣಿಸಿದರು. ಹನ್ನೊಂದನೆಯದಕ್ಕೆ ಕೈ ನಿಂತಿತು. ಶಂಕರ್‌ನಾಗ್ ಪಕ್ಕ ಚಡ್ಡಿ ಹುಡುಗ ನಿಂತಿದ್ದ ಫೋಟೋ ಅದು. ಹುಡುಗನ ಮುಖ ಇದ್ದ ಕಡೆ ಬಿಳೀ ಕಾಗದ.

"ನನ್ನಿಂದ ಹಾಳಾಯ್ತು. ಫೋನ್ ಎತ್ತಕ್ಕೆ ಧೈರ್ಯ ಬರ್ಲಿಲ್ಲ" ಅಂದೆ.

ಅವರು ಅದನ್ನು ಮತ್ತೆ ಪ್ಲಾಸ್ಟಿಕ್‌ನಲ್ಲಿ ಸುತ್ತಿದರು. ಕಣ್ಣು ತೆರೆದ ಟ್ರಂಕಿನ ಮುಚ್ಚಳದ ಕಡೆ ಹೋಯಿತು. ಒಳಗೆ, ಹಾಸ್ಟೆಲಿನಲ್ಲಿದ್ದಾಗ ಸಿನಿಮಾ ಪತ್ರಿಕೆಯಿಂದ ಕತ್ತರಿಸಿ ಅಂಟಿಸಿದ ಶಂಕರ್‌ನಾಗ್ ಚಿತ್ರ. ಅವರು ತೀರಿಕೊಂಡಾಗ, 1990ರಲ್ಲಿ, ನಾನಿನ್ನೂ ಹುಟ್ಟಿರಲಿಲ್ಲ.

"ಇದು ನೆಂದಿಲ್ಲ" ಅಂದರು ಯಜಮಾನರು.

ಟೀ ಬಂತು. ಹೋದ ವರ್ಷ ದುಡ್ಡು ಕೊಡಹೋದರೆ ಕೈ ಹಿಡಿದು ಬೇಡ ಅಂದಿದ್ದರು. ಈ ಸಲ ನೋಟು ತೆಗೆದುಕೊಂಡು, ಚಿಲ್ಲರೆ ಎಣಿಸಿ ಕೊಟ್ಟರು. ಮಳೆ ನಿಲ್ಲುವ ಲಕ್ಷಣ ಇರಲಿಲ್ಲ. ಟ್ರಂಕಿಗೆ ಬೀಗ ಹಾಕಿ ಕಿಕ್ ಹೊಡೆದೆ.